ಹಿತ್ತಿಲಿದ್ದವರ ಬಾಂಬ್ ಆಸರೆ

1971ರ ಡಿಸೆಂಬರಿನ ಯುದ್ಧದ ಮಾತು ಬಂದಾಗ ಮುಂಬಯಿಯ ನಮ್ಮ ಮಾಟುಂಗದ ಹಿರಿಯರು ನೆನೆಯುವುದು ಬ್ಲ್ಯಾಕ್‌ಔಟನ್ನು: ಕಿಟಕಿಯ ಗಾಜಿಗೆ ಮೈದಾ ಅಂಟಿನಿಂದ ಕಾಗದ ಹಚ್ಚಿದ್ದು, ವಾಹನಗಳ ಹೆಡ್‌ಲೈಟಿಗೆ ಕಪ್ಪು ಬಳಿದದ್ದು, ಸೈರನ್ ಕೂಗಿದೊಡನೆ ದೀಪ ಆರಿಸಿ ಕೆಳಮಹಡಿಯ ಮೆಟ್ಟಿಲ ಬಳಿ ಸೇರಿದ್ದು. ಅಡಗಲು ಮನೆಗೊಂದು ತಾಣವೆಂಬ ಯೋಚನೆಗೆ, ಒಂದೊಂದು ಖೋಲಿಯಲ್ಲಿ (ಕೋಣೆಯಲ್ಲಿ) ಒಂದೊಂದು ಸಂಸಾರವಿರುವ ಚಾಳಿನಲ್ಲಿ ಜಾಗವೇ ಇರಲಿಲ್ಲ. ಆದ್ದರಿಂದಲೇ ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನವರು ಹಿತ್ತಿಲಲ್ಲಿ ಹೂತುಕೊಂಡ ಆಂಡರ್ಸನ್ ಆಸರೆಗಳ ಬಗ್ಗೆ ಓದುವಾಗ, ಹಿತ್ತಿಲಿಲ್ಲದವರು ಏನು ಮಾಡಿದರೆಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

1938ರಲ್ಲಿ ರೂಪುಗೊಂಡ ಈ ಆಸರೆಗೆ, ವಾಯುದಾಳಿ ರಕ್ಷಣೆಯ ಹೊಣೆ ಹೊತ್ತಿದ್ದ ಸಚಿವ ಸರ್ ಜಾನ್ ಆಂಡರ್ಸನ್ ಅವರ ಹೆಸರು ಬಂತು. ವರ್ಷಕ್ಕೆ 250 ಪೌಂಡಿಗಿಂತ ಕಡಿಮೆ ಆದಾಯವಿದ್ದವರಿಗೆ ಅದು ಉಚಿತ. ಉಳಿದವರಿಗೆ 7 ಪೌಂಡು. ಸುಮಾರು ನಾಲ್ಕು ಅಡಿ ಆಳದ ಗುಂಡಿ ತೋಡಿ, ಸತು ಲೇಪಿಸಿದ ಅಲೆಅಲೆಯಾದ ಉಕ್ಕಿನ ತಗಡುಗಳನ್ನು ಕಮಾನಿನಂತೆ ಬಾಗಿಸಿ ನೆತ್ತಿಯಲ್ಲಿ ಬೋಲ್ಟು ಬಿಗಿದು, ಮೇಲೆ ಕನಿಷ್ಠ 15 ಅಂಗುಲ ಮಣ್ಣು ಮುಚ್ಚಬೇಕಿತ್ತು. ಆರೂವರೆ ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದೊಳಗೆ ಆರು ಜನ! ಬಾಂಬು ನೇರವಾಗಿ ಬಿದ್ದರೆ ಅದು ಉಳಿಸುತ್ತಿರಲಿಲ್ಲ; ಆದರೆ ಪಕ್ಕದಲ್ಲಿ ಸ್ಫೋಟಗೊಂಡಾಗ ಹಾರುವ ಚೂರುಗಳನ್ನು ಮಣ್ಣು ನುಂಗುತ್ತಿತ್ತು, ತಗಡು ಮುರಿಯದೆ ಬಾಗಿ ಆಘಾತವನ್ನು ತಾಳಿಕೊಳ್ಳುತ್ತಿತ್ತು. ದುಬಾರಿ ಕಾಂಕ್ರೀಟಿಗಿಂತ ಈ ಉಪಾಯವೇ ಹೆಚ್ಚು ಜಾಣತನದ್ದೆಂದು ನನಗನಿಸುತ್ತದೆ. ಮೇಲಿನ ಮಣ್ಣಿನಲ್ಲಿ ಹಲವರು ತರಕಾರಿಯನ್ನೂ ಬೆಳೆದರು.

ನಿಜವಾದ ಕಾಟ ನೀರಿನದು. ನೆಲದಡಿಯ ಗುಂಡಿಯಲ್ಲವೇ, ಒರತೆಯೂ ಮಳೆಯೂ ಸೇರಿ ಒಳಗೆ ಕಾಲು ಮುಳುಗುವಷ್ಟು ನೀರು ನಿಲ್ಲುತ್ತಿತ್ತು. ಬಕೆಟ್ಟಿನಿಂದ ಮೊಗೆದು ಹಾಕಿದ ಮೇಲೂ ಹಾಸಿಗೆ ತಂಪು ಬಿಡುತ್ತಿರಲಿಲ್ಲ. ಹಗಲಿನ ಚಿಕ್ಕ ದಾಳಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಆಸರೆಯಲ್ಲಿ 1940ರ ಸೆಪ್ಟೆಂಬರಿನಿಂದ ರಾತ್ರಿಗಟ್ಟಲೆ ಮಲಗಬೇಕಾಗಿ ಬಂದಾಗ, ಚಳಿಗೂ ತೇವಕ್ಕೂ ಬೇಸತ್ತ ಎಷ್ಟೋ ಮಂದಿ ಏನಾದರಾಗಲಿ ಎಂದು ಮನೆಯೊಳಗೇ ಉಳಿದರು. ನಮ್ಮ ಜುಲೈ ಮಳೆಯಲ್ಲಾದರೆ ಅದು ಆಸರೆಯಾಗಿರದೆ ಬಾವಿಯೇ ಆಗಿರುತ್ತಿತ್ತು.

ಹಿತ್ತಿಲಿಲ್ಲದ ಲಂಡನ್ನಿನವರು ಸಾರ್ವಜನಿಕ ಆಸರೆಗಳಿಗೂ ನೆಲದಡಿಯ ರೈಲು ನಿಲ್ದಾಣಗಳಿಗೂ ಹಾಸಿಗೆ ಹೊತ್ತು ನಡೆದರು. 1941ರಲ್ಲಿ ಬಂದ ಮಾರಿಸನ್ ಆಸರೆ ಮನೆಯೊಳಗೇ ಇಡಬಹುದಾದದ್ದು: ಉಕ್ಕಿನ ಮೇಜು, ಸುತ್ತ ತಂತಿಜಾಲರಿ, ಹಗಲು ಅದರ ಮೇಲೆ ಊಟ, ರಾತ್ರಿ ಅಡಿಯಲ್ಲಿ ನಿದ್ದೆ. ಅದೂ ಆರೂವರೆ ಅಡಿ ಉದ್ದ, ನಾಲ್ಕಡಿ ಅಗಲ. ಹತ್ತು-ಹನ್ನೆರಡು ಅಡಿಯ ಚಾಳಿನ ಖೋಲಿಗೆ ಅದನ್ನು ತಂದಿಟ್ಟಿದ್ದರೆ ಮನೆಮಂದಿಯಲ್ಲಿ ಇಬ್ಬರಾದರೂ ಹೊರಗಿನ ಮೊಗಸಾಲೆಯಲ್ಲಿ, ಅಂದರೆ ಗ್ಯಾಲರಿಯಲ್ಲಿ, ಮಲಗಬೇಕಾಗುತ್ತಿತ್ತು.