ಗೊಂಬೆ ಎಂತಕ್ಕೆ ಅಳೂದು?

"ನಾನು ನಗ್ತಾ ಹೇಳಿದ್ದಲ್ವಾ ಅಕ್ಕಾ? ಮತ್ತೆ ಗೊಂಬೆ ಎಂತಕ್ಕೆ ಅಳೂದು?"

ಶನಿವಾರ ರಾತ್ರಿಯಿಂದ ಈ ಮಾತು ನನ್ನ ಬೆನ್ನು ಬಿಟ್ಟಿಲ್ಲ. ಹೊಸನಗರದಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ. ಶಿವಮೊಗ್ಗದಲ್ಲಿ ಸೊಪ್ಪು ಬಿಡಿಸುತ್ತಾ ಕೂತಾಗಲೂ ಅದೇ.

ಒಂದು ತೋಟದ ಮನೆಯ ಅಂಗಳದಲ್ಲಿ ನಮ್ಮ ನೆರಳು ಗೊಂಬೆಯಾಟ ಇತ್ತು. ಕೂಲಿಗೆ ಬರುವವರ ಮಕ್ಕಳ ಜೊತೆ ಎರಡು ವರ್ಷ ಮಾತಾಡಿ ಮಾಡಿದ ಅಧ್ಯಯನ 90 ಪುಟದ ವರದಿಯಾಗಿ ಕಪಾಟು ಸೇರಿತ್ತು. ಓದಿದವರೆಲ್ಲ ನಮ್ಮಂಥವರೇ. ಯಾರ ಬಾಯಿಂದ ಕೇಳಿ ಬರೆದೆವೋ ಅವರಿಗೆ ಒಂದು ಸಾಲೂ ತಲುಪಲಿಲ್ಲವಲ್ಲ ಅನ್ನೋ ಸಂಕಟ ನನಗಿತ್ತು. ಹಾಗಾಗಿ ರಟ್ಟು ಕತ್ತರಿಸಿ ಗೊಂಬೆ ಮಾಡಿದೆವು. ಹಳೆ ಪಂಚೆ ಪರದೆಯಾಯಿತು. ಹೆಗ್ಗೋಡಿನಲ್ಲಿ 1949ರಲ್ಲೇ ನೀನಾಸಂ ನಾಟಕ ಸಂಸ್ಥೆ ಹುಟ್ಟಿದ ಸೀಮೆ ನಮ್ಮದು. ಇಲ್ಲಿನ ಜನ ಆಟ ನೋಡಿ ಸುಮ್ನೆ ಎದ್ದು ಹೋಗುವವರಲ್ಲ. "ದೀಪ ಸ್ವಲ್ಪ ಹಿಂದಕ್ಕಿಡಿ, ಗೊಂಬೆ ಮಸುಕು ಕಾಣ್ತದೆ" ಅಂತ ಒಬ್ಬ ಅಜ್ಜಿ ಶುರುವಿನಲ್ಲೇ ಹೇಳಿದರು. ಸರಿಯಾಗೇ ಹೇಳಿದರು.

ಅಂಗಳದ ದೊಡ್ಡ ಬಲ್ಬು ಆರಿಸಿದ ಕೂಡಲೇ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಸದ್ದು ನಿಂತಿತು. ಹಸಿ ಅಡಿಕೆ ಸಿಪ್ಪೆಯ ವಾಸನೆ ಮಾತ್ರ ಹಾಗೇ ಇತ್ತು.

ಆ ಹುಡುಗಿ ಆರನೇ ಕ್ಲಾಸು. ಅವಳು ನಮಗೆ ಹೇಳಿದ್ದು ಇಷ್ಟು. ಸಂಜೆಯಾದ ಮೇಲೆ ಅಮ್ಮನ ಜೊತೆ ಸುಲಿಯಲು ಕೂರುತ್ತಾಳೆ. ತಮ್ಮನೂ ಪಕ್ಕದಲ್ಲಿರುತ್ತಾನೆ. ಯಾರ ಡಬ್ಬ ಮೊದಲು ತುಂಬುತ್ತೆ ಅಂತ ಪಂದ್ಯ. ಸೋತರೆ ತಮ್ಮ ಅಳುತ್ತಾನೆ ಅಂತ ಅವಳು ಸುಲಿದದ್ದನ್ನು ಅವನ ಡಬ್ಬಕ್ಕೆ ಕದ್ದು ಹಾಕುತ್ತಾಳೆ. ಒಂದು ದಿನ ಶಾಲೆಯಲ್ಲಿ ಮೇಷ್ಟ್ರು "ಕೈ ನೋಡು ಹೆಂಗಿದೆ, ತೊಳ್ಕೊಂಡು ಬಾ" ಅಂದರಂತೆ. ತೊಳೆದಳು. ಮತ್ತೆ ಕಳಿಸಿದರು. "ಮೂರು ಸಲ ತೊಳ್ದೆ ಅಕ್ಕಾ, ಮೂರು ಸಲಾನೂ ಕಪ್ಪೇ!" ಅಡಿಕೆಯ ಕರೆ ಸೋಪಿಗೆ ಹೋಗುತ್ತಾ?

ನಮ್ಮ ಆಟದಲ್ಲಿ ಮೂರನೇ ಸಲ ಗೊಂಬೆ ನಲ್ಲಿಯ ಬುಡದಲ್ಲಿ ಕೂತು ಬಿಕ್ಕುತ್ತದೆ. ಹಿಂದೆ ಕೊಳಲು. ನಾಲ್ಕೈದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಖುಷಿಯಾಯಿತು, ನಿಜ ಹೇಳುತ್ತೇನೆ. ಅಷ್ಟರಲ್ಲಿ ಅವಳು ಎದ್ದು ನಿಂತಳು. "ಅದು ನಾನೇ" ಅಂದಳು. ನಾವು ಹೆಸರು ಬದಲಿಸಿದ್ದೆವು, ಊರು ಬದಲಿಸಿದ್ದೆವು, ಜಡೆಯನ್ನೂ ತೆಗೆದಿದ್ದೆವು. ಗುರುತು ಸಿಗಬಾರದು ಅನ್ನೋದು ನಿಯಮ. ಅವಳಿಗೆ ಅದರ ಹಂಗಿಲ್ಲ. ಆಮೇಲೆ ಕೇಳಿದ್ದು ಆ ಪ್ರಶ್ನೆ.

ಅಳು ಸೇರಿಸಿದ್ದು ನಮ್ಮ ಜೊತೆ ನಾಟಕ ಮಾಡುವ ಗೆಳೆಯ. "ಅಳದಿದ್ದರೆ ಜನರಿಗೆ ತಟ್ಟಲ್ಲ" ಅಂದಿದ್ದ. ಒಳ್ಳೆಯ ಹುಡುಗ, ಮಕ್ಕಳಿಗಾಗಿ ಎಷ್ಟು ದೂರ ಬೇಕಾದರೂ ಗೊಂಬೆ ಹೊತ್ತು ಬರುತ್ತಾನೆ. ಕಣ್ಣೀರಿನ ಮೇಲೆ ಅವನಿಗೆ ನಂಬಿಕೆ ಸ್ವಲ್ಪ ಜಾಸ್ತಿ. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಭಾನುವಾರ ಹಳೆಯ ರೆಕಾರ್ಡಿಂಗ್ ಹಾಕಿ ಕೇಳಿದೆ. ಮಾತಿಗಿಂತ ನಗುವೇ ಜಾಸ್ತಿ. ನನ್ನ ನೋಟ್‌ಬುಕ್ಕಿನಲ್ಲಿ ಅದೇ ದಿನ ಬರೆದದ್ದು: "ಮಗುವಿಗೆ ಶಾಲೆಯಲ್ಲಿ ಅವಮಾನವಾಗಿದೆ." ನಗುವಿನ ಸುದ್ದಿಯೇ ಇಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಒಪ್ಪಿಗೆ ಕೊಟ್ಟಿದೆ. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳು ಹೇಳುವುದಕ್ಕೆ ಬೆಲೆ ಕೊಡಬೇಕು ಅಂತ ಅದರ 12ನೇ ವಿಧಿ ಹೇಳುತ್ತದೆ. ತರಬೇತಿಗಳಲ್ಲಿ ಎಷ್ಟೋ ಸಲ ನಾನೇ ಇದನ್ನು ಓದಿ ಹೇಳಿದ್ದೇನೆ. ಬೆಲೆ ಕೊಡುವುದು ಅಂದರೆ ಮಾತನ್ನಷ್ಟೇ ಬರೆದುಕೊಳ್ಳುವುದಾ? ಅವಳು ಯಾವ ದನಿಯಲ್ಲಿ ಹೇಳಿದಳೋ ಆ ದನಿಯೂ ಅವಳದ್ದೇ ಅಲ್ವಾ?

ಇದರಲ್ಲಿ ಇನ್ನೊಂದು ಕಷ್ಟ ಇದೆ. ಅವಳ ಮಾತು ಕೇಳಿ ತೋಟದ ಯಜಮಾನರು, "ನೋಡಿ, ಅವಳಿಗೇ ಬೇಜಾರಿಲ್ಲ. ಚಿಕ್ಕವರಿದ್ದಾಗ ನಾವೂ ಸುಲಿದವರೇ" ಅಂದರು. ಕೆಟ್ಟವರಲ್ಲ. ಅಂಗಳ ಕೊಟ್ಟರು, ಎಲ್ಲರಿಗೂ ಚಾ, ಅವಲಕ್ಕಿ ಕೊಟ್ಟರು. ಆದರೆ ಅವರು ಸುಲಿದಾಗ ಆ ಡಬ್ಬದ ಲೆಕ್ಕದ ಮೇಲೆ ಮನೆಯ ಅಕ್ಕಿ ನಿಂತಿರಲಿಲ್ಲ. ಸಾಕಾದಾಗ ಎದ್ದು ಮಲಗಬಹುದಿತ್ತು. 2016ರ ತಿದ್ದುಪಡಿಯಾದ ಮೇಲೂ, ಶಾಲೆ ಮುಗಿಸಿ ಬಂದ ಮಗು ಅಪಾಯವಿಲ್ಲದ ಕೆಲಸದಲ್ಲಿ ಮನೆಯವರಿಗೆ ನೆರವಾಗಬಹುದು ಅಂತ ಬಾಲಕಾರ್ಮಿಕ ಕಾನೂನಿನಲ್ಲಿದೆ. ಇಲ್ಲಿ ತೋಟ ಬೇರೆಯವರದ್ದು, ಮುಂದಿರುವುದು ಕತ್ತಿ, ಡಬ್ಬ ಬರೆಯುವುದು ಅಮ್ಮನ ಹೆಸರಿಗೆ. ಲೆಕ್ಕದ ಪುಸ್ತಕ ಎಷ್ಟು ತಿರುವಿದರೂ ಅದರಲ್ಲಿ ಮಗುವಿನ ಹೆಸರು ಸಿಗಲ್ಲ. ಅವಳು ನಕ್ಕಳು ಅಂತ ಇದು ಸರಿಯಾಗಿಬಿಡುವುದಿಲ್ಲ. ಇದು ತಪ್ಪು ಅಂತ ತೋರಿಸಲು ಅವಳ ನಗುವನ್ನು ಕಿತ್ತುಕೊಳ್ಳುವ ಹಕ್ಕು ನಮಗೂ ಇಲ್ಲ. ಬಡವರ ಮನೆಯ ಮಗು ಅಂದರೆ ಅಳುತ್ತಲೇ ಇರಬೇಕು ಅಂತ ನಾವು ಯಾವಾಗ ತೀರ್ಮಾನ ಮಾಡಿದೆವೋ.

ಬುಧವಾರ ಮತ್ತೆ ಹೋದೆ, ಈ ಸಲ ಶಾಲೆಗೆ. ಗೊಂಬೆಗಳನ್ನು ಅವಳ ಮುಂದೆ ಹರಡಿ, "ನೀನೇ ಹೇಳು, ಹೇಗೆ ಮಾಡಬೇಕು?" ಅಂದೆ. ಅವಳು ಮೊದಲು ಎತ್ತಿಕೊಂಡದ್ದು ಮೇಷ್ಟ್ರ ಗೊಂಬೆ. ದೀಪಕ್ಕೆ ಹಿಡಿದು ನೋಡಿದಳು.

"ನೆರಳಲ್ಲಿ ಎಲ್ಲರ ಕೈಯೂ ಕಪ್ಪೇ ಅಕ್ಕಾ. ಮೇಷ್ಟ್ರದ್ದೂ ಕಪ್ಪೇ. ನನ್ನ ಕೈ ಮಾತ್ರ ಹಿಂಗೆ ಅಂತ ಗೊತ್ತಾಗೂದು ಹೆಂಗೆ?"

ಇಷ್ಟು ದಿನ ನಮ್ಮಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಅವಳು ಪರದೆಯ ಪಕ್ಕದಿಂದ ಎರಡೂ ಕೈ ಈಚೆಗೆ ಚಾಚಿದಳು. ಹೆಬ್ಬೆರಳು, ತೋರುಬೆರಳು ಗಾಢ ಕಪ್ಪು. ಉಗುರಿನ ಸುತ್ತ ಸಣ್ಣ ಬಿರುಕು, ಅದರೊಳಗೂ ಕರೆ. ಕಿರುಬೆರಳು ಮಾತ್ರ ತನ್ನ ಬಣ್ಣದಲ್ಲೇ ಇತ್ತು.

"ಹಿಂಗೆ ತೋರಿಸೂದು" ಅಂದಳು.

"ಮೂರನೇ ಸಲ ತೊಳೆದ ಮೇಲೆ ಎಂತ ಆಯ್ತು?"

"ಎಂತ ಇಲ್ಲ. ನೀರು ಕುಡ್ಕೊಂಡು ಬಂದು ಕೂತೆ."

ಈಗ ಆಟದಲ್ಲಿ ಗೊಂಬೆ ನೀರು ಕುಡಿಯುತ್ತದೆ, ಬಂದು ಕೂರುತ್ತದೆ. ಕೊಳಲು ತೆಗೆದೆವು. ಗೆಳೆಯ ಅರ್ಧ ದಿನ ಮುಖ ಊದಿಸಿಕೊಂಡಿದ್ದ, ಆಮೇಲೆ ತಾನೇ ಗೊಂಬೆಗೆ ಜಡೆ ಅಂಟಿಸಿದ.

ಮುಂದಿನ ಆಟಕ್ಕೆ ಅವಳನ್ನೂ ಕರೆದುಕೊಂಡು ಹೋಗುತ್ತೇವೆ ಅಂತ ಅವಳ ಅಮ್ಮನನ್ನು ಕೇಳಿದೆ. "ರಾತ್ರಿ ಆಗೂದಿಲ್ಲ ಮೇಡಂ, ಸುಲಿಯೂದು ಉಂಟು. ಶನಿವಾರ ಅರ್ಧ ಗಂಟೆ ಹೋದದ್ದೇ ಹೋಯ್ತು" ಅಂದರು. ಕೊಯ್ಲು ಮುಗಿಯಲು ಇನ್ನೂ ಒಂದು ತಿಂಗಳಿದೆ. ನೆರಳಿನ ಆಟಕ್ಕೆ ಕತ್ತಲೆ ಬೇಕು. ಹಗಲಲ್ಲೇ ಶಾಲೆಯ ಕೋಣೆಯನ್ನು ಕತ್ತಲೆ ಮಾಡುವುದು ಅಂತ ಆಗಿದೆ. ಈಗಿನ ಮೇಷ್ಟ್ರು ಬೇರೆಯವರು, ಅಡಿಕೆ ಹರವುವ ಟಾರ್ಪಾಲು ತಂದುಕೊಡುತ್ತೇನೆ ಅಂದಿದ್ದಾರೆ. ಕಿಟಕಿ ನಾಲ್ಕಿವೆ. ಅವಳೇ ಟೇಪು ಹಿಡಿದಳು, ನಾನು ಅಳತೆ ಬರೆದುಕೊಂಡು ಬಂದೆ.