ಹೊಸ ಪೈಲಟ್‌ಗೆ ಬ್ಯಾಗು, ಬುತ್ತಿ, ಐಸು

ಆಫರ್ ಲೆಟರ್ ಬಂದ ವಾರವೇ ಬ್ಯಾಗ್ ಅಂಗಡಿಗೆ ಓಡುವುದು ಬೇಡ. ಹಲವು ಏರ್‌ಲೈನ್‌ಗಳು ಯೂನಿಫಾರ್ಮ್ ಜೊತೆ ಬ್ಯಾಗನ್ನೂ ಕೊಡುತ್ತವೆ. ಕೆಲವು ಕಡೆ ಬಣ್ಣ, ಅಳತೆಗಳನ್ನು ಕಂಪನಿಯೇ ನಿಗದಿ ಮಾಡಿರುತ್ತದೆ. ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸುವ ತರಬೇತಿ), ಸಿಮ್ಯುಲೇಟರ್ ಮುಗಿಯುವ ತನಕ ಇರುವುದು ಒಂದೇ ಊರಲ್ಲಿ, ಅದಕ್ಕೆ ಮನೆಯಲ್ಲಿರುವ ಯಾವ ಬ್ಯಾಗಾದರೂ ಸಾಕು. ಹಾರುವುದು ಎಟಿಆರ್ ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನವೋ ಎ320 ಜೆಟ್ಟೋ, ರಾತ್ರಿ ಮನೆಗೆ ವಾಪಸಾಗುವ ರೋಸ್ಟರೋ ನಾಲ್ಕು ದಿನ ಹೊರಗಿರುವುದೋ ಗೊತ್ತಾದ ಮೇಲೆ ದುಡ್ಡು ಬಿಚ್ಚಿ.

ಕೊಡಗಿನವರಿಗೆ ಇನ್ನೊಂದು ಲೆಕ್ಕವೂ ಇದೆ. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲೂ ಇಲ್ಲ. ಬೇಸ್ (ಡ್ಯೂಟಿ ಶುರುವಾಗುವ ಊರು) ಬೆಂಗಳೂರಾದರೆ ಮಡಿಕೇರಿಯಿಂದ ಬಸ್ಸೋ ಕಾರೋ. ವಿರಾಜಪೇಟೆ ಕಡೆಯವರಿಗೆ 2018ರ ಡಿಸೆಂಬರಿನಲ್ಲಿ ಶುರುವಾದ ಕಣ್ಣೂರು ನಿಲ್ದಾಣ ಹತ್ತಿರ, ಆದರೆ ಮಾಕುಟ್ಟ ಘಾಟಿ ಇಳಿಯಬೇಕು. ಟರ್ಮಿನಲ್‌ನ ನುಣುಪು ನೆಲಕ್ಕಿಂತ ಮೊದಲು ನಿಮ್ಮ ಬ್ಯಾಗು ನೋಡುವುದು ತೋಟದ ಕೆಮ್ಮಣ್ಣನ್ನು, ಬಸ್ಸಿನ ಮೆಟ್ಟಿಲನ್ನು, ಮಳೆ ನೀರು ನುಗ್ಗಿದ ಡಿಕ್ಕಿಯನ್ನು. ಆದ್ದರಿಂದ ಬ್ರ್ಯಾಂಡ್ ಆಮೇಲೆ, ಮೊದಲು ಚಕ್ರ ನೋಡಿ.

ಚಕ್ರ ಎರಡೇ ಇರಲಿ. ಹಿಡಿ ಎಳೆದು ಓರೆಯಾಗಿ ಉರುಳಿಸುವ ಎರಡು ಚಕ್ರದ ಬ್ಯಾಗನ್ನು 1987ರಲ್ಲಿ ರೂಪಿಸಿದ್ದೇ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ ಪೈಲಟ್ ರಾಬರ್ಟ್ ಪ್ಲಾತ್. ಟ್ರಾವೆಲ್‌ಪ್ರೊ ಕಂಪನಿ ಹುಟ್ಟಿದ್ದೂ ಅಲ್ಲಿಂದಲೇ. ನಾಲ್ಕು ಚಕ್ರದ ಸ್ಪಿನ್ನರ್ ಟರ್ಮಿನಲ್‌ನಲ್ಲಿ ಹಗುರ, ಒಪ್ಪಿದೆ. ಆದರೆ ಏಪ್ರನ್ (ವಿಮಾನ ನಿಲ್ಲುವ ಅಂಗಳ) ಬಸ್ಸು ಬ್ರೇಕ್ ಹಾಕಿದರೆ ಅದು ತಾನಾಗಿ ಉರುಳಿ ಯಾರದೋ ಕಾಲಿಗೆ ಬಡಿಯುತ್ತದೆ. ಅದರ ಚಕ್ರಗಳು ಚಿಕ್ಕವು, ಹೊರಗೆ ಚಾಚಿಕೊಂಡಿರುತ್ತವೆ, ಬೇಗ ಮುರಿಯುತ್ತವೆ. ಎರಡು ಚಕ್ರದ ಬ್ಯಾಗಿನಲ್ಲಿ ಸ್ಕೇಟ್ ಚಕ್ರದಂಥ ರಬ್ಬರ್ ಚಕ್ರ ಅರ್ಧ ಒಳಗೇ ಹುದುಗಿರುತ್ತದೆ. ಕೊಳ್ಳುವ ಮುಂಚೆ ಬ್ಯಾಗನ್ನು ಮಗುಚಿ ನೋಡಿ: ಅಚ್ಚು ಅಲೆನ್ ಕೀಯಿಂದ ಬಿಚ್ಚುವಂತಿದೆಯೋ, ರಿವೆಟ್ ಹೊಡೆದಿದ್ದಾರೋ? ರಿವೆಟ್ ಇದ್ದರೆ ಚಕ್ರ ಹೋದ ದಿನ ಬ್ಯಾಗೂ ಹೋದಂತೆ. ಬಿಚ್ಚುವಂತಿದ್ದರೆ, ಒಳಗೆ ಸಾಮಾನ್ಯವಾಗಿ ಇರುವ 608 ಬೇರಿಂಗ್ (ಒಳವ್ಯಾಸ 8 ಮಿ.ಮೀ., ಹೊರವ್ಯಾಸ 22, ದಪ್ಪ 7) ಸ್ಕೇಟಿಂಗ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ಕೆಮ್ಮಣ್ಣು ಒಣಗಿ ಬೇರಿಂಗಿನೊಳಗೆ ಕೂತರೆ ಚಕ್ರ ತಿರುಗದೆ ಉಜ್ಜಿಕೊಂಡು ಬರುತ್ತದೆ, ಒಂದು ಬದಿ ಚಪ್ಪಟೆಯಾಗುತ್ತದೆ. ಊರಿಂದ ಹೊರಡುವ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಅಚ್ಚಿಗೆ ಸುತ್ತಿಕೊಂಡ ಕೂದಲು, ನೂಲು ಕತ್ತರಿಸಿ ತೆಗೆದರೆ ಸಾಕು.

ಎಳೆಯುವ ಹಿಡಿಯನ್ನು ಖಾಲಿ ಬ್ಯಾಗಿನಲ್ಲಿ ಪರೀಕ್ಷಿಸಿ ಉಪಯೋಗವಿಲ್ಲ. ಅಂಗಡಿಯಲ್ಲೇ ಹತ್ತು ಕಿಲೋ ಏನಾದರೂ ತುಂಬಿಸಿ, ಪೂರ್ತಿ ಎಳೆದು, ಅಡ್ಡಡ್ಡ ಅಲುಗಾಡಿಸಿ. ಕೊಳವೆ ಬಾಗಿದರೆ ಬೇಡ. ಬಟ್ಟೆ 1680 ಡೆನಿಯರ್ (ನೂಲಿನ ದಪ್ಪದ ಅಳತೆ) ಬ್ಯಾಲಿಸ್ಟಿಕ್ ನೈಲಾನ್ ಆಗಲಿ, 1000 ಡೆನಿಯರ್ ಕಾರ್ಡುರಾ ಆಗಲಿ, ಎರಡೂ ತಡೆಯುತ್ತವೆ. ಜಿಪ್ ದಪ್ಪದ್ದಿರಲಿ, ನಂಬರ್ 8 ಅಥವಾ 10. ಗಟ್ಟಿ ಚಿಪ್ಪಿನ ಪಾಲಿಕಾರ್ಬೊನೇಟ್ ಬ್ಯಾಗಿಗೆ ಮಳೆ ತಾಗುವುದಿಲ್ಲ ನಿಜ, ಆದರೆ ಅದು ಎರಡು ಹೋಳಾಗಿ ತೆರೆದುಕೊಂಡು ಹೋಟೆಲ್ ಕೋಣೆಯ ನೆಲವನ್ನೆಲ್ಲ ಆಕ್ರಮಿಸುತ್ತದೆ, ಹೊರಗೆ ಜೇಬೂ ಇರುವುದಿಲ್ಲ. ಮೆತ್ತನೆಯ ಬ್ಯಾಗು, ಮೇಲೊಂದು ರೇನ್ ಕವರ್, ಅಷ್ಟೇ ಸಾಕು. ಲೋಹದ ಚೌಕಟ್ಟಿನ ‘ಕ್ರೂ ಬ್ಯಾಗ್’ಗಳು ವರ್ಷಗಟ್ಟಲೆ ಬಾಳುತ್ತವೆ, ಆದರೆ ಖಾಲಿ ಇದ್ದಾಗಲೇ ಮಾಮೂಲಿ ಕ್ಯಾಬಿನ್ ಬ್ಯಾಗಿಗಿಂತ ಒಂದೆರಡು ಕಿಲೋ ಹೆಚ್ಚು ತೂಗುತ್ತವೆ. ಎಟಿಆರ್ ಏಣಿಯನ್ನು ದಿನಕ್ಕೆ ಹಲವು ಸಲ ಹತ್ತಿಳಿಯುವವರು ಆ ಒಂದೆರಡು ಕಿಲೋ ಯೋಚಿಸಲಿ.

ಹಿಂದಿನವರು ಹೊರುತ್ತಿದ್ದ ದಪ್ಪ ಚರ್ಮದ ಫ್ಲೈಟ್ ಕೇಸ್ ಈಗ ಬೇಕಿಲ್ಲ. ಅದರಲ್ಲಿರುತ್ತಿದ್ದ ಚಾರ್ಟು, ಮ್ಯಾನ್ಯುಯಲ್ ಎಲ್ಲ ಟ್ಯಾಬ್ಲೆಟ್‌ಗೆ ಹೋಗಿವೆ. ಬೆನ್ನಿಗೋ ಹೆಗಲಿಗೋ ಹಾಕುವ ಚಿಕ್ಕ ಬ್ಯಾಗಿನಲ್ಲಿ ಟ್ಯಾಬ್ಲೆಟ್, ಲೈಸೆನ್ಸ್, ಮೆಡಿಕಲ್ ಸರ್ಟಿಫಿಕೇಟ್, ಪಾಸ್‌ಪೋರ್ಟ್, ಹೆಡ್‌ಸೆಟ್, ಟಾರ್ಚ್, ರಿಫ್ಲೆಕ್ಟರ್ ಜಾಕೆಟ್ ಹಿಡಿದರೆ ಆಯಿತು. ಮೆಡಿಕಲ್‌ನಲ್ಲಿ ಕನ್ನಡಕ ಕಡ್ಡಾಯ ಎಂದಿದ್ದರೆ ಎರಡನೇ ಜೊತೆಯೂ ಜೊತೆಗಿರಲೇಬೇಕು. ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಒಳಗಿರಲಿ. 20,000 ಎಂಎಎಚ್‌ನದನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್-ಅವರ್ ಬರುತ್ತದೆ, ತೊಂದರೆಯಿಲ್ಲ. ಅದನ್ನು ಚೆಕ್-ಇನ್ ಆಗುವ ಬ್ಯಾಗಿಗೆ ಹಾಕುವಂತಿಲ್ಲ. ಶೌಚದ ಚೀಲದಲ್ಲಿ ಆಲ್ಕೊಹಾಲ್ ಇರುವ ಮೌತ್‌ವಾಶ್ ಇದ್ದರೆ ಇಂದೇ ಎಸೆಯಿರಿ. ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮವೇ ಅದನ್ನು ಹೆಸರಿಸಿ ನಿಷೇಧಿಸಿದೆ, ಉಸಿರಿನಲ್ಲಿ ಮದ್ಯ ಹುಡುಕುವ ಬ್ರೆತ್‌ಲೈಸರ್ ಕಾರಣ ಕೇಳುವುದಿಲ್ಲ. ಮನೆಯ ವೈನ್ ಹಾಕಿ ಮಾಡಿದ ಕೇಕಿಗೂ ಡ್ಯೂಟಿ ಮುಗಿಯುವ ತನಕ ಇದೇ ಮಾತು.

ಇನ್ನು ಬುತ್ತಿಯನ್ನು ತಣ್ಣಗಿಡುವ ಕೂಲರ್ ಚೀಲ. ಇಲ್ಲಿ ಜನ ಮೋಸ ಹೋಗುವುದು ‘12 ಗಂಟೆ ತಣ್ಣಗೆ’ ಎಂಬ ಚೀಟಿಗೆ. ಲೆಕ್ಕ ಹಾಕಿ ನೋಡಿ. 30×22×20 ಸೆಂ.ಮೀ. ಚೀಲ, ಗೋಡೆಯಲ್ಲಿ 10 ಮಿ.ಮೀ. ಫೋಮ್, ಹೊರಗೆ 30 ಡಿಗ್ರಿ, ಒಳಗೆ 5 ಡಿಗ್ರಿ ಇರಬೇಕೆಂದರೆ ಸುಮಾರು 20 ವ್ಯಾಟ್ ಶಾಖ ಸದಾ ಒಳಗೆ ಇಳಿಯುತ್ತಿರುತ್ತದೆ. ಅರ್ಧ ಕಿಲೋ ಐಸ್ ಕರಗುವಾಗ ಹೀರುವುದು 167 ಕಿಲೋಜೌಲ್. ಅಂದರೆ ಎರಡು ಗಂಟೆ ಚಿಲ್ಲರೆ. ಫೋಮ್ 20 ಮಿ.ಮೀ. ಇದ್ದರೆ ಅದೇ ಐಸ್ ನಾಲ್ಕು ಗಂಟೆ ಹತ್ತಿರ ಬರುತ್ತದೆ, ಒಂದು ಕಿಲೋ ಐಸ್ ಎಂಟು ಗಂಟೆ ಹತ್ತಿರ. ಹಾಗಾಗಿ ಗೋಡೆಯನ್ನು ಬೆರಳಲ್ಲಿ ಚಿವುಟಿ ದಪ್ಪ ನೋಡಿ. ಒಳಪದರದ ಮೂಲೆಗಳು ಹೊಲಿದದ್ದಾಗಿರದೆ ಬಿಸಿಯಿಂದ ಬೆಸೆದದ್ದಾಗಿರಲಿ. ಹೊಲಿಗೆಯ ತೂತಿನಿಂದ ನೀರು ಫೋಮಿಗೆ ಇಳಿದರೆ ಆ ವಾಸನೆ ಯಾವ ಸೋಪಿಗೂ ಹೋಗದು.

ಬಿಸಿ ಬಿಸಿ ಕರಿಯನ್ನು ನೇರ ಕೂಲರಿಗೆ ಇಡಬೇಡಿ. 60 ಡಿಗ್ರಿಯ ಅರ್ಧ ಕಿಲೋ ಕರಿ ತಣ್ಣಗಾಗುವಷ್ಟರಲ್ಲೇ 300 ಗ್ರಾಂ ಐಸ್ ನುಂಗಿಬಿಡುತ್ತದೆ. ಹಿಂದಿನ ರಾತ್ರಿ ಡಬ್ಬಿಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಫ್ರೀಜರಿನಲ್ಲಿ ಗಟ್ಟಿ ಮಾಡಿ. ಹೆಪ್ಪುಗಟ್ಟಿದ ಕರಿಯೇ ಐಸಿನ ಕೆಲಸ ಮಾಡುತ್ತದೆ. ಅನ್ನ, ಅಕ್ಕಿ ತಿಂಡಿಗಳಿಗೆ ಇನ್ನೂ ಎಚ್ಚರ. ಬೆಂದ ಅಕ್ಕಿ ಹೊರಗೇ ಉಳಿದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಸಾಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ವಾಂತಿ. ಇಳಿಯಲು ನಿಲ್ದಾಣದತ್ತ ಸಾಗುವ ಅಪ್ರೋಚ್ ಹೊತ್ತಿಗೆ ಅದು ಬೇಡ.

ಕಡಂಬುಟ್ಟು (ಅಕ್ಕಿ ಕಡುಬು), ನೂಪುಟ್ಟು (ಒತ್ತುಶಾವಿಗೆ) ಬುತ್ತಿಗೆ ಆಗಿಬರುವುದಿಲ್ಲ. ತಣ್ಣಗಾದರೆ ಕಲ್ಲಾಗುತ್ತವೆ, ಮತ್ತೆ ಹಬೆ ಬೇಕು. ಹಲವು ವಿಮಾನಗಳಲ್ಲಿ ಓವನ್ ಇರುವುದೇ ಇಲ್ಲ, ಸಿಗುವುದು ಬಿಸಿನೀರು ಮಾತ್ರ. ಓವನ್ ಇದ್ದರೂ ಅದು ಮೈಕ್ರೋವೇವ್ ಅಲ್ಲ, ಪ್ಲಾಸ್ಟಿಕ್ ಡಬ್ಬಿ ಕರಗುತ್ತದೆ. ಅಕ್ಕಿ ಒತ್ತಿ (ಅಕ್ಕಿ ರೊಟ್ಟಿ) ಮಡಚಿ ಬಟ್ಟೆಯಲ್ಲಿ ಸುತ್ತಿದರೆ ಅದೇ ದಿನಕ್ಕೆ ಬರುತ್ತದೆ. ಪಂದಿಕರಿ ಒಯ್ಯುವುದಾದರೆ ರಸ ಬತ್ತಿಸಿ ಹುರಿದದ್ದು, ಅದೂ ಸ್ಟೀಲ್ ಡಬ್ಬಿಯಲ್ಲಿ. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಕಟ್ಟಿದರೆ ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿರಸ) ಹುಳಿ ಫಾಯಿಲನ್ನೇ ತಿಂದು ತೂತು ಮಾಡುತ್ತದೆ. ಕಾಚಂಪುಳಿ ಹಾಕಿದ್ದೇವೆ, ಕೆಡುವುದಿಲ್ಲ ಎಂಬ ಧೈರ್ಯ ಅಡುಗೆಮನೆಯಲ್ಲಿ ಸರಿ, ಮೇ ತಿಂಗಳ ಚೆನ್ನೈ ಏಪ್ರನ್‌ನಲ್ಲಿ ಅಲ್ಲ. ಸೌದಿ, ಕುವೈತ್ ಸೆಕ್ಟರ್ (ಒಂದು ಊರಿಂದ ಇನ್ನೊಂದಕ್ಕೆ ಹಾರಾಟ) ಇದ್ದ ದಿನ ಹಂದಿಮಾಂಸವೇ ಬೇಡ, ಅಲ್ಲಿ ನಿಷೇಧ.

ಡಬ್ಬಿಯನ್ನು ಕಂಠಮಟ್ಟ ತುಂಬಬೇಡಿ. ಹಾರಾಟದಲ್ಲಿ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ 8,000 ಅಡಿ ಎತ್ತರದಲ್ಲಿರುವಷ್ಟಕ್ಕೆ ಇಳಿಯಬಹುದು. ಅದು ಸುಮಾರು 2,440 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟವಾದ 1,748 ಮೀಟರಿನ ತಡಿಯಂಡಮೋಳ್ ತುದಿಗಿಂತ ಮೇಲೆ. ಮಂಗಳೂರಿನಲ್ಲಿ ಬಿಗಿದ ಡಬ್ಬಿಯೊಳಗಿನ ಗಾಳಿ ಅಲ್ಲಿ ಮೂರನೇ ಒಂದು ಭಾಗದಷ್ಟು ಹಿಗ್ಗಲು ನೋಡುತ್ತದೆ, ಮುಚ್ಚಳ ತೆಗೆದೊಡನೆ ರಸ ಬಿಳಿ ಶರಟಿಗೆ. ತಿಂದು, ಎತ್ತರದಲ್ಲಿದ್ದಾಗಲೇ ಬಿಗಿಯಾಗಿ ಮುಚ್ಚಿದ ಡಬ್ಬಿ ಕೆಳಗಿಳಿದಾಗ ತೆರೆಯಲು ಬಾರದು. ಮುಚ್ಚಳದಲ್ಲಿ ಪುಟ್ಟ ಗಾಳಿಬಿರಡೆ ಇರುವ ಡಬ್ಬಿ ಕೊಂಡರೆ ಎರಡೂ ತಾಪತ್ರಯವಿಲ್ಲ.

ರಸವನ್ನು ಕಾಕ್‌ಪಿಟ್‌ನಿಂದ ದೂರವಿಡಲು ಶರಟಿಗಿಂತ ದೊಡ್ಡ ಕಾರಣವಿದೆ. ಇಬ್ಬರು ಪೈಲಟ್‌ಗಳ ನಡುವಿನ ಪೆಡೆಸ್ಟಲ್ (ಎಂಜಿನ್ ನಿಯಂತ್ರಣಗಳಿರುವ ಕಟ್ಟೆ) ಮೇಲೆ ಪಾನೀಯ ಚೆಲ್ಲಿ ಎ350 ವಿಮಾನಗಳಲ್ಲಿ ಹಾರಾಟದ ನಡುವೆಯೇ ಎಂಜಿನ್ ನಿಂತ ಎರಡು ಪ್ರಕರಣಗಳ ನಂತರ, 2020ರಲ್ಲಿ ಯುರೋಪಿನ ಸುರಕ್ಷತಾ ಸಂಸ್ಥೆ ಆದೇಶವನ್ನೇ ಹೊರಡಿಸಿತು. ಎ320ಯಲ್ಲಿ ಎದುರಿಗೆ ಎಳೆದುಕೊಳ್ಳುವ ಟ್ರೇ ಇದೆ, ಊಟ ಅದರ ಮೇಲೆಯೇ ಆಗಲಿ. ಕಿತ್ತಳೆ ಸುಲಿಯುವುದು ಬೇಕಾದರೆ ಹೋಟೆಲ್‌ನಲ್ಲಿ.

ಡಬ್ಬಿ ಬಿಚ್ಚಿದ ಮೇಲೆ ಪಕ್ಕದವರಿಗೆ ಕೊಡದೆ ತಿನ್ನುವುದು ನಮ್ಮ ಕಡೆಯವರಿಗೆ ಕಷ್ಟ. ಆದರೂ ಕ್ಯಾಪ್ಟನ್‌ಗೆ ಹಂಚಬೇಡಿ. ಒಂದೇ ಊಟದಿಂದ ಇಬ್ಬರಿಗೂ ಹೊಟ್ಟೆ ಕೆಡಬಾರದೆಂದೇ ಇಬ್ಬರು ಪೈಲಟ್‌ಗಳು ಬೇರೆ ಬೇರೆ ಊಟ ಮಾಡುವ ರೂಢಿ ಇರುವುದು. ಕೊನೆಯ ಸೆಕ್ಟರ್ ಮುಗಿದ ಮೇಲೆ ಧಾರಾಳವಾಗಿ ಕೊಡಿ.

ಎರಡನೇ ದಿನದ ಐಸ್ ದೊಡ್ಡ ತಲೆನೋವು. ಹೋಟೆಲ್ ಕೋಣೆಯ ಮಿನಿಬಾರ್ ತಣ್ಣಗಿಡುತ್ತದೆ, ಗಟ್ಟಿ ಮಾಡುವುದಿಲ್ಲ. ಜೆಲ್ ಪ್ಯಾಕ್‌ಗೆ ಕೋಣೆ ಸಂಖ್ಯೆಯ ಚೀಟಿ ಅಂಟಿಸಿ, ಅಡುಗೆಮನೆಯ ಫ್ರೀಜರಿನಲ್ಲಿಡಲು ರಿಸೆಪ್ಷನ್‌ಗೆ ಕೊಡಿ, ಪಿಕಪ್ ಹೊತ್ತನ್ನೂ ಬರೆದಿಡಿ. ಮರೆತರೆ ಅಂದು ಕೂಲರ್ ಖಾಲಿಯೇ ಹೋಗಲಿ, ಅವಲಕ್ಕಿ ಮಿಕ್ಸ್ಚರ್, ಬಾಳೆಹಣ್ಣು ಸಾಕು. ಡ್ರೈ ಐಸ್ ಯೋಚನೆ ಬೇಡ. ಅದು ಕಾರ್ಬನ್ ಡೈಆಕ್ಸೈಡ್ ಆಗಿ ಆವಿಯಾಗುತ್ತದೆ, ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ.

ಕೂಲರನ್ನು ಬ್ಯಾಗಿನ ಮುಂಬದಿಗೆ ಕೊಕ್ಕೆ ಹಾಕಿ ನೇತುಹಾಕಿದರೆ, ಹಿಡಿ ಬಿಟ್ಟೊಡನೆ ಬ್ಯಾಗು ಮುಗ್ಗರಿಸುತ್ತದೆ. ಹಿಂಭಾಗದಲ್ಲಿ ಹಿಡಿಗೆ ತೂರಿಸುವ ಪಟ್ಟಿ ಇರುವ ಕೂಲರ್ ತಂದು ಬ್ಯಾಗಿನ ತಲೆಯ ಮೇಲೆ ಕೂರಿಸಿ. ಹೊರಡುವ ಮುಂಚೆ ಒಳಗೊಮ್ಮೆ ಕೈಯಾಡಿಸಿ. ಹಣ್ಣು ಕೊಯ್ಯುವ ಚಾಕು ಸೆಕ್ಯುರಿಟಿಯಲ್ಲಿ ಹೋಗುತ್ತದೆ, ಪೈಲಟ್ ಎಂದು ಬಿಡುವುದಿಲ್ಲ.

ಮಳೆಗಾಲದಲ್ಲಿ ರಜೆಗೆ ಬಂದಾಗ ಬ್ಯಾಗನ್ನು ಜಿಪ್ ಹಾಕಿ ಅಟ್ಟಕ್ಕೆ ಎಸೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ. ಎಲ್ಲ ಜಿಪ್ ತೆರೆದು, ಸಿಲಿಕಾ ಜೆಲ್ ಇಟ್ಟು, ಗಾಳಿಯಾಡುವ ಕೋಣೆಯಲ್ಲಿಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ, ಆದರೆ ಹೊಗೆ ವಾಸನೆ ಯೂನಿಫಾರ್ಮಿಗೆ ಹತ್ತುತ್ತದೆ. ಕೂಲರನ್ನು ಸೋಡಾಪುಡಿ ನೀರಿನಲ್ಲಿ ಒರೆಸಿ ಮಗುಚಿ ಒಣಗಿಸಿ. ಬ್ಯಾಗಿನ ಒಳಬಟ್ಟೆಯ ಪಾಲಿಯುರೆಥೇನ್ ಲೇಪ ತೇವಕ್ಕೆ ಒಡೆದು ಅಂಟಂಟಾಗಿ ಉದುರತೊಡಗಿದರೆ ಒರೆಸುತ್ತ ಕೂರಬೇಡಿ. ಚೌಕಟ್ಟು, ಚಕ್ರ ಚೆನ್ನಾಗಿದ್ದರೆ ಬ್ಯಾಗ್ ರಿಪೇರಿಯವರ ಹತ್ತಿರ ಹೊಸ ಒಳಬಟ್ಟೆ ಹೊಲಿಸಿ.