ಆಯಿಯ ಕಲ್ಲುಪ್ಪು, ಬ್ರಿಟಿಷರ ಬೇಲಿ

ಉಪ್ಪಿನಕಾಯಿಗೆ ಅಪ್ಪೆಮಿಡಿ ಮಾವು ಮನೆಗೆ ಬಂತು ಅಂದ್ರೆ ನಮ್ಮಲ್ಲಿ ಉಪ್ಪಿನದ್ದೇ ಗಲಾಟೆ. ಈ ಸಲ ನಾನು ಅಂಗಡಿಯಿಂದ ಪುಡಿ ಉಪ್ಪು ತಂದಿಟ್ಟಿದ್ದೆ, ಆಯಿ ಕೈಯಲ್ಲೂ ಮುಟ್ಟಲಿಲ್ಲ, "ಪ್ಯಾಕೆಟ್ ಉಪ್ಪು ಹಾಕಡ, ಮಿಡಿ ಮೆತ್ತಗಾಗ್ತು" ಅಂತ ಒಂದೇ ಮಾತು. ಅವಳಿಗೆ ಸಾಣಿಕಟ್ಟಾ ಉಪ್ಪೇ ಆಗ್ಬೇಕು. ಸರಿ ಅಂತ ಗೋಕರ್ಣದ ಕಡೆ ಕಾರು ತಿರುಗಿಸಿದೆ.

ಅಘನಾಶಿನಿ ಸಮುದ್ರ ಸೇರೋ ಜಾಗದ ಹತ್ತಿರ ಚೌಕ ಚೌಕ ಪಾತಿಗಳು, ಉಬ್ಬರ ಬಂದಾಗ ತೂಬು ತೆಗೆದು ನೀರು ಒಳಗೆ ಬಿಟ್ಕೋತಾರೆ, ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸ್ತಾ ಬಿಸಿಲಲ್ಲಿ ಗಟ್ಟಿ ಮಾಡ್ತಾರೆ, ಕೊನೇ ಪಾತೀಲಿ ಹರಳು ಕಟ್ಟಿದ ಮೇಲೆ ಉದ್ದ ಕೋಲಿನ ತುದಿಗೆ ಹಲಗೆ ಹೊಡೆದಿರ್ತಾರಲ್ಲ ಅದರಲ್ಲಿ ಎಳೆದು ಗುಡ್ಡೆ ಹಾಕ್ತಾರೆ. ಅಷ್ಟೇ. ಮಳೆ ಬಿತ್ತೋ ವರ್ಷದ ಕೆಲಸ ಮುಗೀತು. ನೀರು ಪುಕ್ಕಟೆ, ಬಿಸಿಲು ಪುಕ್ಕಟೆ, ಇಂಥದ್ದಕ್ಕೆ ಬ್ರಿಟಿಷರು ತೆರಿಗೆ ಹಾಕಿದ್ದಾದ್ರೂ ಹೇಗಪ್ಪಾ ಅಂತ ಅಲ್ಲೇ ನಿಂತು ಯೋಚನೆ ಬಂತು.

ಹೇಗೆ ಅಂದ್ರೆ, ಬೇರೆಯವರು ಮಾಡದ ಹಾಗೆ ಕಾಯ್ಬೇಕು. ಉಪ್ಪಿನ ತೆರಿಗೆ ಅಂದ್ರೆ ಅಸಲಿಗೆ ಕಾವಲಿನ ಕೆಲಸ. ಬಂಗಾಳದಲ್ಲಿ 1772ರಲ್ಲಿ ಅಲ್ಲಿನ ಗವರ್ನರ್ ವಾರನ್ ಹೇಸ್ಟಿಂಗ್ಸ್ ಉಪ್ಪನ್ನ ಈಸ್ಟ್ ಇಂಡಿಯಾ ಕಂಪನಿ ಹಿಡಿತಕ್ಕೆ ತಗೊಂಡ, ಮದ್ರಾಸಲ್ಲಿ 1805ರಲ್ಲಿ ಸರ್ಕಾರಿ ಏಕಸ್ವಾಮ್ಯ ಬಂತು. ಉತ್ತರದಲ್ಲಂತೂ ಕಮ್ಮಿ ತೆರಿಗೆ ಇರೋ ಕಡೆಯಿಂದ ಉಪ್ಪು ಕದ್ದು ಬರಬಾರದು ಅಂತ ದೇಶಕ್ಕೆ ಅಡ್ಡಲಾಗಿ ಸುಮಾರು 3,700 ಕಿಲೋಮೀಟರ್ ಸುಂಕದ ಗಡಿ, ಅದರಲ್ಲಿ ಎಷ್ಟೋ ದೂರ ಮುಳ್ಳು ಬೇಲಿ, ಕಾಯೋಕೆ ಸುಮಾರು 12 ಸಾವಿರ ಜನ. ತಮಾಷೆ ನೋಡಿ, 1867ರಿಂದ 1870ರವರೆಗೆ ಆ ಬೇಲಿ ಇಲಾಖೆಯ ಕಮಿಷನರ್ ಆಗಿದ್ದವನು ಎ.ಓ. ಹ್ಯೂಮ್, ಮುಂದೆ ಕಾಂಗ್ರೆಸ್ ಕಟ್ಟಿದವರಲ್ಲಿ ಮುಖ್ಯನಾದವನೇ. ಬೇಲಿ 1879ರಲ್ಲಿ ಹೋಯ್ತು, ತೆರಿಗೆ ಹೋಗ್ಲಿಲ್ಲ.

ನನಗೆ ಇದರಲ್ಲಿ ಜಾಸ್ತಿ ಹೊಟ್ಟೆ ಉರಿಸಿದ್ದು ಉಪ್ಪಾರರ ಕತೆ. ಸಮುದ್ರ ಇಲ್ಲದ ಬಳ್ಳಾರಿ ಕಡೆ ಸೌಳು ಮಣ್ಣು ಕೆರೆದು, ಅದರ ಮೇಲೆ ನೀರು ಹೊಯ್ದು, ಸೋರಿದ ಉಪ್ಪುನೀರನ್ನ ಬಿಸಿಲಿಗೆ ಬಿಟ್ಟು ಉಪ್ಪು ಮಾಡ್ತಿದ್ರು. ಕರಾವಳಿ ಉಪ್ಪಾದ್ರೆ ಒಂದು ಕಡೆ ಇರತ್ತೆ, ಕಾಯಬಹುದು, ಆದರೆ ಹೊಲ ಹೊಲದಲ್ಲಿ ಮಣ್ಣು ಕೆರೆಯೋರನ್ನ ಯಾರು ಕಾಯ್ತಾರೆ? ಹಾಗಾಗಿ ಆ ಕಸುಬನ್ನೇ ಅದುಮಿದ್ರು. ಹೆಸರಲ್ಲೇ ಉಪ್ಪು ಇರೋ ಜನ ಕೊನೆಗೆ ಗಾರೆ ಕೆಲಸಕ್ಕೆ, ಮಣ್ಣು ಕೆಲಸಕ್ಕೆ ಹೋದ್ರು.

1923ರಲ್ಲಿ ತೆರಿಗೇನ ಮಣಕ್ಕೆ 1 ರೂಪಾಯಿ 4 ಆಣೆಯಿಂದ 2 ರೂಪಾಯಿ 8 ಆಣೆಗೆ ಏರಿಸಿದ್ರು, ಮಣ ಅಂದ್ರೆ ಸುಮಾರು 37 ಕೆಜಿ. ಶಾಸನಸಭೆ ಬೇಡ ಅಂದ್ರೂ ವೈಸ್‌ರಾಯ್ ತನ್ನ ಅಧಿಕಾರ ಬಳಸಿ ಜಾರಿ ಮಾಡಿದ, ಮರುವರ್ಷ ಇಳಿಸ್ಬೇಕಾಯ್ತು ಅದು ಬೇರೆ ಮಾತು. ದಂಡಿ ಎಲ್ಲರಿಗೂ ಗೊತ್ತಿರೋದೇ. ಅದಾಗಿ ವಾರದಲ್ಲಿ, 1930ರ ಏಪ್ರಿಲ್ 13ಕ್ಕೆ, ನಮ್ಮ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಜನ ಕಾನೂನು ಮುರಿದು ಉಪ್ಪು ಮಾಡಿದ್ರು. 1931ರ ಗಾಂಧಿ ಇರ್ವಿನ್ ಒಪ್ಪಂದದಲ್ಲಿ ಸಿಕ್ಕಿದ್ದು ಏನಂದ್ರೆ, ಉಪ್ಪು ಸಿಗೋ ಊರಿನವರು ಮನೆಬಳಕೆಗೆ ಮಾಡ್ಕೋಬಹುದು, ಊರೊಳಗೇ ಮಾರಬಹುದು, ಹೊರಗೆ ಮಾರೋ ಹಾಗಿಲ್ಲ. ಇಷ್ಟೇನಾ ಅನ್ಸತ್ತೆ. ಪೂರ್ತಿ ತೆರಿಗೆ ತೆಗೆಯೋಕೆ 1947 ಬರಬೇಕಾಯ್ತು.

ವಾಪಸ್ ಬರೋವಾಗ ಚೀಲದಿಂದ ನೀರು ಸೋರಿ ಡಿಕ್ಕಿ ಮ್ಯಾಟೆಲ್ಲ ಒದ್ದೆ. ಆಯಿ ಒಂದು ಹರಳು ಬಾಯಿಗೆ ಹಾಕ್ಕೊಂಡು ತಲೆ ಆಡಿಸಿದ್ಲು. ಮಿಡಿ ಈಗ ಭರಣೀಲಿ ಚಿರುಟ್ತಾ ಇದೆ, ನಾನು ತಂದ ಪ್ಯಾಕೆಟ್ ಇನ್ನೂ ಕಟ್ಟೆ ಮೇಲೇ ಕೂತಿದೆ.